ಡೀಸೆಲ್ ದರಕ್ಕೆ ಚುನಾವಣೆಯ ಬೀಗ ಬೇಡ

ಮಾನ್ಯ ಸಂಪಾದಕರೇ,

ಪೆಟ್ರೋಲ್, ಡೀಸೆಲ್ ದರ ದಿನವೂ ಬೆಳಿಗ್ಗೆ 6 ಗಂಟೆಗೆ ಪರಿಷ್ಕರಣೆಯಾಗುವ ಪದ್ಧತಿ 2017ರ ಜೂನ್ 16ರಿಂದ ದೇಶದಾದ್ಯಂತ ಜಾರಿಗೆ ಬಂತು. ಬಂಕಿನ ಯಂತ್ರಗಳನ್ನು ಕಂಪನಿಯ ಕಂಪ್ಯೂಟರಿಗೆ ಜೋಡಿಸಿದ ಕಡೆ ಹೊಸ ದರ ತಾನಾಗಿಯೇ ಪಂಪಿಗೆ ಇಳಿಯುತ್ತದೆ. ಒಮ್ಮೆಲೇ ದೊಡ್ಡ ಪೆಟ್ಟು ಬೀಳದೆ ಪೈಸೆಗಳ ಲೆಕ್ಕದಲ್ಲಿ ದರ ಏರಿಳಿಯಲಿ ಎಂದೇ ಈ ಏರ್ಪಾಡು.

ಚುನಾವಣೆಯ ಹೊತ್ತಿಗೆ ಅದು ಕೆಡುತ್ತಿದೆ. ನಮ್ಮ ರಾಜ್ಯದ 2018ರ ವಿಧಾನಸಭಾ ಚುನಾವಣೆಗೆ ಮುನ್ನ ಏಪ್ರಿಲ್ 24ರಿಂದ ದರ ಕದಲಲಿಲ್ಲ. ಮೇ 12ರಂದು ಮತದಾನ ಮುಗಿಯಿತು, 14ರಿಂದ ಏರಿಕೆ ಶುರುವಾಯಿತು. ಉತ್ತರ ಪ್ರದೇಶ ಸೇರಿ ಐದು ರಾಜ್ಯಗಳ ಚುನಾವಣೆ ನಡೆದಾಗಲೂ ಹಾಗೆಯೇ. 2021ರ ನವೆಂಬರ್ 4ರಿಂದ 137 ದಿನ ದರ ನಿಂತಿತ್ತು. ಅಷ್ಟರಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 100 ಡಾಲರ್ ದಾಟಿತ್ತು. 2022ರ ಮಾರ್ಚ್ 22ರಿಂದ ಏಪ್ರಿಲ್ 6ರೊಳಗೆ 14 ಬಾರಿ ಏರಿಸಿ, ಲೀಟರಿಗೆ 10 ರೂಪಾಯಿ ಹೇರಲಾಯಿತು.

ತುಂಬಿದ ಲಾರಿ ಲೀಟರಿಗೆ ಸುಮಾರು 4 ಕಿ.ಮೀ. ಓಡುತ್ತದೆ ಎನ್ನಿ. ಬೆಂಗಳೂರಿನಿಂದ ಮುಂಬೈವರೆಗಿನ ಸುಮಾರು 1,000 ಕಿ.ಮೀ.ಗೆ 250 ಲೀಟರ್ ಬೇಕು. ಅಂದರೆ ಎರಡೇ ವಾರದಲ್ಲಿ ಒಂದು ಟ್ರಿಪ್ಪಿಗೆ 2,500 ರೂಪಾಯಿ ಹೆಚ್ಚುವರಿ. ಬಾಡಿಗೆ ಮೊದಲೇ ಮಾತಾಗಿರುವ ಒಂಟಿ ಲಾರಿಯ ಮಾಲೀಕನಿಗೆ ಇದು ಕೈಯಿಂದಲೇ ಹೋಗುವ ಹಣ. ಸಾಲದ ಕಂತೋ ಹೊಸ ಟೈರೋ ಮುಂದಕ್ಕೆ ಹೋಗುತ್ತದೆ. ಬಾಡಿಗೆ ಏರಿಸಿದರೆ ಆ ಹೊರೆ ಈರುಳ್ಳಿ, ಸಿಮೆಂಟಿನ ಬೆಲೆಗೆ ಸೇರುತ್ತದೆ. ದಿನಕ್ಕೆ ಹತ್ತು ಪೈಸೆಯಂತೆ ಏರಿದ್ದರೆ ಬಾಡಿಗೆಯನ್ನೂ ಹಂತಹಂತವಾಗಿ ಮಾತಾಡಿಕೊಳ್ಳಬಹುದಿತ್ತು.

ಏಪ್ರಿಲ್ 6ರ ನಂತರ ಮತ್ತೆ ದರ ನಿಂತಿತು. ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಮೂರು ಸರ್ಕಾರಿ ತೈಲ ಕಂಪನಿಗಳ ಒಟ್ಟು ನಷ್ಟ ಸುಮಾರು 18,480 ಕೋಟಿ ರೂಪಾಯಿ. ಮುಂದೆ ಕಚ್ಚಾ ತೈಲ ಇಳಿದಾಗ ಅದರ ಲಾಭ ಗ್ರಾಹಕರಿಗೆ ಸಿಗದೆ ಈ ಹಳ್ಳ ತುಂಬಲು ಹೋಯಿತು.

ಇದರಲ್ಲಿ ಒಂದೇ ಪಕ್ಷವನ್ನು ದೂರಲಾಗದು. 2024ರ ಲೋಕಸಭಾ ಚುನಾವಣೆಯ ವೇಳಾಪಟ್ಟಿ ಹೊರಬೀಳುವ ಎರಡು ದಿನ ಮೊದಲು ಕೇಂದ್ರದ ಬಿಜೆಪಿ ಸರ್ಕಾರದಿಂದ ಲೀಟರಿಗೆ 2 ರೂಪಾಯಿ ಇಳಿಕೆ ಘೋಷಣೆಯಾಯಿತು. ಜೂನ್ 4ರಂದು ಫಲಿತಾಂಶ ಬಂದು ಹನ್ನೊಂದೇ ದಿನಕ್ಕೆ ನಮ್ಮ ರಾಜ್ಯದ ಕಾಂಗ್ರೆಸ್ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 14.34ರಿಂದ ಶೇ 18.44ಕ್ಕೆ ಏರಿಸಿತು.

ದರ ತಡೆಹಿಡಿಯುವುದಾದರೆ ಅದರ ಕಾರಣವನ್ನೂ ಕೊನೆಯ ದಿನಾಂಕವನ್ನೂ ಕೇಂದ್ರ ಮೊದಲೇ ಪ್ರಕಟಿಸಲಿ. ಕಚ್ಚಾ ತೈಲ ಯಾವ ಮಟ್ಟ ದಾಟಿದರೆ ಅಬಕಾರಿ ಸುಂಕ ಎಷ್ಟು ಇಳಿಯುತ್ತದೆ ಎಂಬುದು ಬಜೆಟ್‌ನಲ್ಲೇ ಬರಹದಲ್ಲಿರಲಿ. ಲಾರಿ ಮಾಲೀಕರು ಬಾಡಿಗೆ ಕರಾರಿನಲ್ಲಿ ಮಾತುಕತೆಯ ದಿನದ ಡೀಸೆಲ್ ದರವನ್ನು ನಮೂದಿಸಲಿ. ಲೋಡಿಂಗ್ ದಿನದ ದರಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಟ್ರಿಪ್ಪಿನ ಲೀಟರಿಗೆ ಗುಣಿಸಿ ಬಾಡಿಗೆಗೆ ಸೇರಿಸುವ ಅಥವಾ ಕಳೆಯುವ ಷರತ್ತು ಹಾಕಿಕೊಳ್ಳಲಿ.

– ಓದುಗ, ಹುಬ್ಬಳ್ಳಿ