ವಾರೋ ಚಿತ್ರದ ಪಾಚಿಗೋಡೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಸ್ಪೇನಿನಲ್ಲಿ ಹುಟ್ಟಿ ಮೆಕ್ಸಿಕೋದಲ್ಲಿ ನೆಲೆಸಿದ ಕಲಾವಿದೆ ರೆಮೆಡಿಯೋಸ್ ವಾರೋ ಚಿತ್ರಗಳಲ್ಲಿನ ಪಾಚಿಗಟ್ಟಿದ ಗೋಡೆ, ಬೇರಿನಂತೆ ಕವಲೊಡೆದ ನಿಲುವಂಗಿ ಹೇಗೆ ಬಂದವು, ಮನೆಯಲ್ಲೇ ಮಾಡಿ ನೋಡಬಹುದೇ ಅಂತ ಕೇಳಿದ್ದೀಯ. ಖಂಡಿತ ಮಾಡಬಹುದು, ಸಾಮಾನು, ಅಳತೆ ಎಲ್ಲ ಕೆಳಗೆ ಬರೆದಿದ್ದೇನೆ. ಅದಕ್ಕೂ ಮುಂಚೆ ಒಂದು ಮಾತು. ಬಣ್ಣ ಒತ್ತಿ ಎಬ್ಬಿಸುವ ಆ ವಿದ್ಯೆ, ಡೆಕಾಲ್ಕೊಮೇನಿಯಾ, ಆಕೆಗೆ 1930ರ ದಶಕದಲ್ಲೇ ಗೊತ್ತಿತ್ತು. ಆದರೆ ನೋಡಿದ ಕೂಡಲೇ ಇದು ವಾರೋ ಅನ್ನಿಸುವ ಚಿತ್ರಗಳು ಬಂದದ್ದು 1955ರ ಆಸುಪಾಸಿನಲ್ಲಿ, ಆಕೆಯ ನಲವತ್ತಾರರ ವಯಸ್ಸಿನಲ್ಲಿ. ವಿದ್ಯೆ ಶೈಲಿಯಾಗಲು ಇಪ್ಪತ್ತು ವರ್ಷ ಹಿಡಿಯಿತು. ಆ ಅವಧಿಯಲ್ಲಿ ಹೊಟ್ಟೆಪಾಡಿಗೆ ಮಾಡಿದ ಕೆಲಸಗಳೇ ಆಕೆಯ ಶೈಲಿಯನ್ನು ಕಟ್ಟಿದವು ಅನ್ನುವುದು ನನ್ನ ನಂಬಿಕೆ.

ಹುಟ್ಟಿದ್ದು 1908ರಲ್ಲಿ, ಸ್ಪೇನಿನ ಕ್ಯಾಟಲೋನಿಯಾದ ಆಂಗ್ಲೆಸ್ ಎಂಬ ಊರಿನಲ್ಲಿ. ಅಪ್ಪ ಜಲಕಾಮಗಾರಿಗಳ ಇಂಜಿನಿಯರ್. ತನ್ನ ನಕ್ಷೆಗಳನ್ನು ಮಗಳಿಂದ ನಕಲು ಮಾಡಿಸುತ್ತಿದ್ದ. ಪರ್ಸ್‌ಪೆಕ್ಟಿವ್, ಸ್ಕೇಲು, ಕಂಪಾಸು ಬಾಲ್ಯದಲ್ಲೇ ಕೈಗೆ ಹತ್ತಿದವು. 1924ರಲ್ಲಿ ಮ್ಯಾಡ್ರಿಡ್‌ನ ಸಾನ್ ಫೆರ್ನಾಂಡೋ ಅಕಾಡೆಮಿ ಸೇರಿ ಶಾಸ್ತ್ರೀಯವಾಗಿ ಕಲಿತಳು. ಆಮೇಲೆ ಬಾರ್ಸಿಲೋನಾ, ಅಲ್ಲಿನ ಸರ್ರಿಯಲಿಸ್ಟ್ ಗೆಳೆಯರು, ಅಂದರೆ ಕನಸು, ಆಕಸ್ಮಿಕಗಳಿಂದ ಕಲೆ ಕಟ್ಟುವ ಪಂಥದವರು. ಅಂತರ್ಯುದ್ಧ ಶುರುವಾದಾಗ ಅಲ್ಲಿಗೆ ಬಂದಿದ್ದ ಫ್ರೆಂಚ್ ಕವಿ ಬೆಂಜಮಿನ್ ಪೆರೆಯ ಪರಿಚಯ. 1937ರಲ್ಲಿ ಅವನ ಜೊತೆ ಪ್ಯಾರಿಸ್‌ಗೆ ಹೋದಳು. ಆ ಯುದ್ಧದಲ್ಲಿ ಸೇನಾನಾಯಕ ಫ್ರಾಂಕೋ ಗೆದ್ದ ಮೇಲೆ ಸ್ಪೇನಿಗೆ ಮರಳುವ ದಾರಿ ಮುಚ್ಚಿತು. ಪ್ಯಾರಿಸ್ ಕಾಲದ ಕೆಲಸಗಳನ್ನು ನೋಡಿದರೆ ಅಲ್ಲಿ ಡಾಲಿ, ಎರ್ನ್ಸ್ಟ್, ವಿಕ್ಟರ್ ಬ್ರಾನರ್ ಈ ಸರ್ರಿಯಲಿಸ್ಟ್ ಚಿತ್ರಕಾರರೆಲ್ಲರ ನೆರಳೂ ಇದೆ. ಆಕೆ ಮಾತ್ರ ಅಷ್ಟಾಗಿ ಕಾಣುವುದಿಲ್ಲ.

ನಾತ್ಸಿ ಸೇನೆ ಬಂದಾಗ ಇಬ್ಬರೂ ದಕ್ಷಿಣಕ್ಕೆ ಓಡಿದರು. ಮಾರ್ಸೇ ಬಂದರಿನಲ್ಲಿ ಅಮೆರಿಕದ ವೇರಿಯನ್ ಫ್ರೈ ನಡೆಸುತ್ತಿದ್ದ ರಕ್ಷಣಾ ಸಮಿತಿಯ ನೆರವು ಸಿಕ್ಕಿತು. 1941ರ ಕೊನೆಗೆ ಕಾಸಾಬ್ಲಾಂಕಾದಿಂದ ಸೆರ್ಪಾ ಪಿಂಟೋ ಹಡಗು ಹತ್ತಿ ಮೆಕ್ಸಿಕೋ ತಲುಪಿದರು. ಸ್ಪೇನಿನ ನಿರಾಶ್ರಿತರಿಗೆ ಆ ದೇಶ ಬಾಗಿಲು ತೆರೆದಿತ್ತು.

ಇಲ್ಲಿಂದ ಗಮನವಿಟ್ಟು ನೋಡು. ಮೆಕ್ಸಿಕೋ ಸಿಟಿಯಲ್ಲಿ ಆಕೆ ಹಲವು ವರ್ಷ ತನಗಾಗಿ ಬಿಡಿಸಿದ್ದು ತೀರಾ ಕಡಿಮೆ. ಪೀಠೋಪಕರಣಗಳಿಗೆ ಬಣ್ಣ ಹಚ್ಚಿದಳು, ರಂಗದ ಉಡುಪುಗಳಿಗೆ ದುಡಿದಳು, ಬೇಯರ್ ಔಷಧ ಕಂಪನಿಯ ಜಾಹೀರಾತುಗಳಿಗೆ ಗುವಾಶ್ ಎಂಬ ದಟ್ಟ ನೀರುಬಣ್ಣದಲ್ಲಿ ಚಿತ್ರ ಮಾಡಿದಳು. ಅವುಗಳಿಗೆ ಹಾಕಿದ ಸಹಿ ಉರಾಂಗಾ, ತಾಯಿಯ ಮನೆತನದ ಹೆಸರು. ನಿದ್ರಾಹೀನತೆ, ಸಂಧಿವಾತ ಇಂಥ ವಿಷಯ ಕೊಟ್ಟರೆ ನೋಡುವವರಿಗೆ ನೋವು ಒಂದೇ ನೋಟಕ್ಕೆ ತಿಳಿಯಬೇಕು. ಕನಸಿನ ಅಸ್ಪಷ್ಟತೆಗೆ ಅಲ್ಲಿ ಜಾಗವಿಲ್ಲ. ಸರ್ರಿಯಲಿಸಂನಿಂದ ಕಲಿತದ್ದನ್ನೆಲ್ಲ ಸ್ಪಷ್ಟವಾಗಿ ಹೇಳುವ ಅಭ್ಯಾಸ ಆಕೆಗೆ ಈ ಕೆಲಸದಲ್ಲಾಯಿತು. 1947ರಲ್ಲಿ ಪೆರೆ ಫ್ರಾನ್ಸಿಗೆ ಮರಳಿದ. ಆಕೆ ವೆನೆಜುವೆಲಾಕ್ಕೆ ಹೋಗಿ, ಅಲ್ಲಿನ ಆರೋಗ್ಯ ಇಲಾಖೆಯ ಮಲೇರಿಯಾ ಕೆಲಸಕ್ಕಾಗಿ ಸೂಕ್ಷ್ಮದರ್ಶಕದಲ್ಲಿ ಕಂಡ ಕ್ರಿಮಿಕೀಟಗಳನ್ನು ಬಿಡಿಸಿದಳು. ಕೂದಲೆಳೆ ಕುಂಚದ ಆ ತಾಳ್ಮೆ ಎಲ್ಲಿಂದ ಬಂತು ಅಂತ ಇನ್ನು ಕೇಳಬೇಕಾಗಿಲ್ಲ.

1949ರಲ್ಲಿ ಮೆಕ್ಸಿಕೋಗೆ ವಾಪಸಾದಳು. ಆಸ್ಟ್ರಿಯಾದಿಂದ ವಲಸೆ ಬಂದು ಗ್ರಾಮಫೋನ್ ರೆಕಾರ್ಡಿನ ಅಂಗಡಿ ನಡೆಸುತ್ತಿದ್ದ ವಾಲ್ಟರ್ ಗ್ರುಯೆನ್ ಜೀವನದ ಜೊತೆಗಾರನಾದ ಮೇಲೆ ದುಡಿಮೆಯ ಒತ್ತಡ ಇಳಿಯಿತು. 1956ರಲ್ಲಿ ಡಯಾನಾ ಗ್ಯಾಲರಿಯಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ. 1963ರ ಅಕ್ಟೋಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಳು. ಅಂದರೆ ಪೂರ್ಣ ಸ್ವಾತಂತ್ರ್ಯದಲ್ಲಿ ದುಡಿದದ್ದು ಹತ್ತು ವರ್ಷದಷ್ಟೇ. ಈ ಲೆಕ್ಕ ನೆನೆದರೆ ಈಗಲೂ ಸಂಕಟವಾಗುತ್ತದೆ.

‘ಹಕ್ಕಿಗಳ ಸೃಷ್ಟಿ’ (1957) ಚಿತ್ರವನ್ನು ದೊಡ್ಡದು ಮಾಡಿ ನೋಡು. ಗೂಬೆಯ ಮೈಯ ಕಲಾವಿದೆ ಮೇಜಿನ ಮುಂದೆ ಕೂತಿದ್ದಾಳೆ. ಮೊಟ್ಟೆಯಾಕಾರದ ಗಾಜಿನ ಪಾತ್ರೆಗಳು ಕಿಟಕಿಯಾಚೆಯಿಂದ ಏನನ್ನೋ ಸೆಳೆದು, ಮೂರು ಕೊಳವೆಗಳಲ್ಲಿ ಮೂರು ಬಣ್ಣವಾಗಿ ಪ್ಯಾಲೆಟ್ಟಿಗೆ ಇಳಿಸುತ್ತವೆ. ಕುಂಚಕ್ಕೂ ಎದೆಯ ಮೇಲಿನ ಪಿಟೀಲಿಗೂ ತಂತಿಯ ನಂಟಿದೆ. ಇನ್ನೊಂದು ಕೈಯ ತ್ರಿಕೋನ ಗಾಜಿನಿಂದ ನಕ್ಷತ್ರದ ಬೆಳಕು ಒಡೆದು ಹಕ್ಕಿಯ ಮೇಲೆ ಬೀಳುತ್ತದೆ, ಹಕ್ಕಿ ಕಾಗದ ಬಿಟ್ಟು ಏಳುತ್ತದೆ. ಯಾವ ಕೊಳವೆ ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ಅಪ್ಪನ ನಕ್ಷೆಯ ಪಾಠ ಇದು. ಸರ್ರಿಯಲಿಸ್ಟರು ಆಕಸ್ಮಿಕಕ್ಕೆ ಇಡೀ ಕ್ಯಾನ್ವಾಸ್ ಬಿಟ್ಟುಕೊಟ್ಟ ಕಡೆ, ವಾರೋ ಅದಕ್ಕೆ ಗೋಡೆ, ಕಾಡು, ಬಟ್ಟೆಗಳಲ್ಲಿ ಮಾತ್ರ ಜಾಗ ಕೊಟ್ಟಳು. ಮುಖ, ಕೈ, ಯಂತ್ರ, ಕಮಾನು ಮೊದಲೇ ಟ್ರೇಸಿಂಗ್ ಹಾಳೆಯಲ್ಲಿ ಪೂರ್ತಿ ಅಳತೆಗೆ ಬಿಡಿಸಿ ಬೋರ್ಡಿಗೆ ಇಳಿಸಿದವು.

ಇನ್ನು ಕೆಲಸದ ಮಾತು. ಆಕೆ ಹೆಚ್ಚಾಗಿ ಬಳಸಿದ್ದು ಮ್ಯಾಸೊನೈಟ್, ಅಂದರೆ ನಮ್ಮ ಹಾರ್ಡ್‌ಬೋರ್ಡ್. 3 ಮಿಮೀ ದಪ್ಪದ್ದು, 30×40 ಸೆಂಮೀ ತುಂಡು ಸಾಕು. ಇದಕ್ಕಿಂತ ದೊಡ್ಡದಾದರೆ ಹಿಂದೆ ಮರದ ಪಟ್ಟಿ ಬೇಕು. ನುಣುಪು ಬದಿಯನ್ನು 220 ನಂಬರಿನ ಉಪ್ಪುಕಾಗದದಿಂದ ತುಸು ಉಜ್ಜು. ಅರ್ಧ ಲೀಟರ್ ನೀರಿನಲ್ಲಿ 40 ಗ್ರಾಂ ಪ್ರಾಣಿಜನ್ಯ ಅಂಟನ್ನು ರಾತ್ರಿಯಿಡೀ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸು. ಕುದಿಸಬೇಡ, 60 ಡಿಗ್ರಿ ದಾಟಿದರೆ ಅಂಟಿನ ಕಸುವು ಹೋಗುತ್ತದೆ. ಈ ಅಂಟುನೀರನ್ನೇ ಎರಡೂ ಬದಿಗೆ ಒಂದು ಸಲ ಬಳಿದು ಒಣಗಿಸು. ಉಳಿದದ್ದಕ್ಕೆ ಸುಮಾರು 700 ಗ್ರಾಂ ಸೀಮೆಸುಣ್ಣದ ಪುಡಿಯನ್ನು ಜರಡಿ ಹಿಡಿದು ಬೆರೆಸು, ನೀರುದೋಸೆ ಹಿಟ್ಟಿನ ಹದಕ್ಕೆ ಬರಲಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ, ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಜೋರಾಗಿ ಕಲಕಿದರೆ ಗುಳ್ಳೆ ಎದ್ದು, ಒಣಗಿದ ಮೇಲೆ ಸೂಜಿಮೊನೆಯಷ್ಟು ಗುಂಡಿಗಳು ಉಳಿಯುತ್ತವೆ. ಒಂದು ಪದರ ಅಡ್ಡ, ಮುಂದಿನದು ಉದ್ದ, ಹೀಗೆ ಆರರಿಂದ ಎಂಟು ಪದರ. ಹಿಂಬದಿಗೂ ಎರಡು ಪದರ ಬಳಿ, ಇಲ್ಲದಿದ್ದರೆ ಬೋರ್ಡ್ ಸೊಟ್ಟಗಾಗುತ್ತದೆ. ಮಳೆಗಾಲದಲ್ಲಿ ಅಂಟು ಬೇಗ ಹಳಸಿ ಬೂಸ್ಟು ಹಿಡಿಯುತ್ತದೆ. ಮಾಡಿದ ಅಂಟನ್ನು ಫ್ರಿಜ್‌ನಲ್ಲಿಟ್ಟು ಎರಡು ದಿನದಲ್ಲಿ ಮುಗಿಸು.

ಅಂಗಡಿಯಲ್ಲಿ ಸಿಗುವ ಡಬ್ಬಿಯ ಅಕ್ರಿಲಿಕ್ ಗೆಸ್ಸೊ (ಬಣ್ಣದಡಿಗೆ ಬಳಿಯುವ ಬಿಳಿ ಲೇಪ) ಸುಲಭ ನಿಜ, ಆದರೆ ಈ ಕೆಲಸಕ್ಕೆ ಒಗ್ಗುವುದಿಲ್ಲ. ವಾರೋ ಚಿತ್ರದಲ್ಲಿ ಬೆಳಕಿನ ಎಳೆ, ಕೂದಲು ಎಷ್ಟೋ ಕಡೆ ಬಿಳಿ ಬಣ್ಣದಲ್ಲಿ ಬರೆದವಲ್ಲ. ಮೇಲಿನ ಬಣ್ಣವನ್ನು ಮೊನಚಾದುದರಿಂದ ಗೀರಿ ಕೆಳಗಿನ ಬಿಳಿಯನ್ನು ಹೊರತಂದವು. ಸುಣ್ಣದ ಪದರ ಚೊಕ್ಕವಾಗಿ ಗೀರಿಸಿಕೊಳ್ಳುತ್ತದೆ. ಅಕ್ರಿಲಿಕ್ ರಬ್ಬರಿನ ಗುಣದ್ದು, ಗೀರು ಹರಿದಂತೆ ಬರುತ್ತದೆ.

ಸುಣ್ಣದ ಪದರ ಎಣ್ಣೆಯನ್ನು ತಟ್ಟನೆ ಹೀರುತ್ತದೆ. ಹಾಗಾಗಿ ರೇಖೆಗಳನ್ನು ಬೋರ್ಡಿಗೆ ಇಳಿಸಿದ ಮೇಲೆ ತೆಳು ಅರಗಿನ ವಾರ್ನಿಷ್ ಒಂದು ಕೈ ಎಳೆ. ಪಾಚಿ ಬೇಕಾದ ಜಾಗ ಬಿಟ್ಟು ಉಳಿದದ್ದಕ್ಕೆ ಕಾಗದ ಕತ್ತರಿಸಿ ಮುಚ್ಚು. ಬರ್ನ್ಟ್ ಅಂಬರ್ (ಗಾಢ ಕಂದು) ಮತ್ತು ಹಸಿರು ಎಣ್ಣೆಬಣ್ಣಕ್ಕೆ ಕೆಲವೇ ಹನಿ ಟರ್ಪೆಂಟೈನ್ ಸೇರಿಸಿ ತೆಳ್ಳಗೆ ಹಚ್ಚು. ಹೊಳಪಿನ ಕಾಗದ ಒತ್ತಿ, ಅಂಗೈಯಿಂದ ಸವರಿ, ಒಂದು ಮೂಲೆಯಿಂದ ಎಬ್ಬಿಸು. ಕಾಗದ ಏಳುವಾಗ ಗಾಳಿ ಬಣ್ಣದೊಳಗೆ ಬೆರಳು ಬೆರಳಾಗಿ ನುಗ್ಗುತ್ತದೆ, ಆ ದಾರಿಗಳೇ ಕವಲು. ಬಣ್ಣದ ಪದರ ದಪ್ಪವಿದ್ದರೆ ಕವಲು ಅಗಲ, ಬೇಗ ಎಳೆದರೆ ಸಣ್ಣ. ಟರ್ಪೆಂಟೈನ್ ಹೆಚ್ಚಾದರೆ ಬಣ್ಣ ಮತ್ತೆ ಹರಿದು ವಿನ್ಯಾಸ ಮುಚ್ಚಿಹೋಗುತ್ತದೆ. ಕಾಗದ ಜಾರಿದರೆ ಎಲ್ಲವೂ ಕಲಸಿಹೋಗುತ್ತದೆ, ಒರೆಸಿ ಮತ್ತೆ ಶುರು ಮಾಡು.

ಎಬ್ಬಿಸಿದ ಮೇಲೆ ಆಕೆಯ ನಿಜವಾದ ಕೆಲಸ ಶುರು. ಬಿದ್ದ ವಿನ್ಯಾಸವನ್ನು ಹಾಗೇ ಬಿಡದೆ, ಸಣ್ಣ ಕುಂಚದಿಂದ ಅದರಲ್ಲಿ ಕಂಡ ಎಲೆ, ಬಿರುಕು, ಮಡಿಕೆಗಳನ್ನು ತಿದ್ದುತ್ತಿದ್ದಳು. ನೀನೂ ಪೂರ್ತಿ ಒಣಗಲು ವಾರಗಟ್ಟಲೆ ಬಿಟ್ಟು, ಆಮೇಲೆ ತೆಳು ಗ್ಲೇಜಿನಲ್ಲಿ, ಅಂದರೆ ಕೆಳಗಿನದು ಕಾಣುವಂಥ ಪಾರದರ್ಶಕ ಬಣ್ಣದ ಪದರದಲ್ಲಿ, ನೆರಳು ಕೊಡು. ಗೀರುವುದಿದ್ದರೆ ಆ ಗ್ಲೇಜು ಅರೆ ಒಣಗಿದಾಗ ಗೀರು. ಹಸಿಯಿದ್ದರೆ ಗೀರು ಮುಚ್ಚಿಕೊಳ್ಳುತ್ತದೆ, ಪೂರ್ತಿ ಒಣಗಿದ್ದರೆ ಅಂಚು ಚಕ್ಕೆ ಏಳುತ್ತದೆ.

ಬೋರ್ಡ್ ತಯಾರಾದಾಗ, ಬಣ್ಣ ಮುಟ್ಟುವ ಮೊದಲು, ಕಿಟಕಿಯ ಪಕ್ಕದ ಬೆಳಕಿನಲ್ಲಿ ಒಂದು ಫೋಟೋ ತೆಗೆದು ಕಳಿಸು. ಗುಂಡಿಗಳಿದ್ದರೆ ಅಡ್ಡಬೆಳಕಿನಲ್ಲಿ ಕಾಣುತ್ತವೆ. ಆ ಹಂತದಲ್ಲಾದರೆ ಇನ್ನೊಂದು ಪದರ ಬಳಿದು ಸರಿಮಾಡಬಹುದು.

ಇಂತಿ ನಿನ್ನ ಗೆಳೆಯ