ಅಜ್ಜಿಯ ರಿಜಿಸ್ಟರ್ ರದ್ದಿಗೆ ಹಾಕಬೇಡಿ

ಯೇನಾ, ಜರ್ಮನಿ

ಪ್ರೀತಿಯ ಅಪ್ಪ, ಅವ್ವ,

ಇತ್ತ ನಾನು ಆರಾಮ. ಅಲ್ಲಿ ಬಿಸಿಲು ಜೋರು ಅಂತ ಅಣ್ಣ ಫೋನಿನಲ್ಲಿ ಹೇಳಿದ. ಜೊತೆಗೆ ಇನ್ನೆರಡು ಸುದ್ದಿ ಹೇಳಿದ. ಅಜ್ಜಿಯ ಟ್ರಂಕಿನಲ್ಲಿರುವ ಅಂಗನವಾಡಿ ರಿಜಿಸ್ಟರುಗಳನ್ನು ರದ್ದಿಗೆ ಹಾಕ್ತೀರಂತೆ. ಚಿನ್ನುವನ್ನು ಕೊಪ್ಪಳಕ್ಕೆ ಎಲ್‌ಕೆಜಿಗೆ ಕಳಿಸ್ತೀರಂತೆ. ಎರಡಕ್ಕೂ ನನ್ನ ತಕರಾರಿದೆ. ಫೋನಿನಲ್ಲಾದರೆ ಅಣ್ಣ ನಕ್ಕು ಮಾತು ಹಾರಿಸುತ್ತಾನೆ. ಅದಕ್ಕೇ ಈ ಕಾಗದ.

ಹೋದ ರವಿವಾರ ಬಾಡ್ ಬ್ಲಾಂಕೆನ್‌ಬುರ್ಗ್ ಅನ್ನೋ ಸಣ್ಣ ಊರಿಗೆ ಹೋಗಿದ್ದೆ. ಇಲ್ಲಿಂದ ದೂರವೇನಲ್ಲ. ಎಲ್‌ಕೆಜಿ ಅಂತ ನಾವು ಫೀಸು ಕಟ್ಟುತ್ತೇವಲ್ಲ, ಅದರ ಮೂಲಪುರುಷ ಫ್ರೋಬೆಲ್ ಕೆಲಸ ಮಾಡಿದ ಊರು. 1837ರಲ್ಲಿ ಅಲ್ಲಿ ಪುಟ್ಟ ಮಕ್ಕಳ ಶಾಲೆ ಶುರು ಮಾಡಿ, 1840ರಲ್ಲಿ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟರು. ಈಗ ಅವರದ್ದೊಂದು ಮ್ಯೂಸಿಯಂ ಇದೆ. ಅವರು ಮಕ್ಕಳ ಕೈಗೆ ಕೊಡುತ್ತಿದ್ದದ್ದು ಬಣ್ಣದ ನೂಲಿನ ಆರು ಚೆಂಡು, ಮರದ ಒಂದು ಗುಂಡು, ಎಂಟು ತುಂಡು ಜೋಡಿಸಿ ಮಾಡಿದ ಒಂದು ಮರದ ಡಬ್ಬಿಯಾಕಾರ. ಪುಸ್ತಕ ಇಲ್ಲ, ಪಾಟಿ ಇಲ್ಲ. ಇದನ್ನೇ ಅಲ್ವಾ ನಮ್ಮಜ್ಜಿ ಹುಣಸೆ ಬೀಜ, ಖಾಲಿ ಬೆಂಕಿಪೊಟ್ಟಣ, ಕೈಯಿಂದ ರೊಕ್ಕ ಹಾಕಿ ತಂದ ಕಿನ್ನಾಳದ ಮರದ ಹಣ್ಣು ಇಟ್ಟುಕೊಂಡು ಮಾಡಿದ್ದು? 1851ರಲ್ಲಿ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತಂತೆ. ಮರುವರ್ಷ ಫ್ರೋಬೆಲ್ ತೀರಿಕೊಂಡರು. ನಿಷೇಧ ಹೋಗಿದ್ದು 1860ರಲ್ಲಿ. ಅಜ್ಜಿಗೆ ಯಾರೂ ನಿಷೇಧ ಹಾಕಲಿಲ್ಲ ಬಿಡಿ. ಸಂಬಳವನ್ನೂ ಕೊಡಲಿಲ್ಲ, ಗೌರವಧನ ಅಂದರು.

ಅವ್ವ, ನಿನಗೆ ಆ ಮೊರ ನೆನಪಿದೆಯಾ? ಜೋಳ, ಕಡಲೆ, ಹೆಸರು ಎಲ್ಲ ಕಲಸಿ ಮೊರಕ್ಕೆ ಸುರಿಯೋಳು. ಸುತ್ತ ನಾಲ್ಕೈದು ಮಕ್ಕಳು. ಬೇರೆ ಬೇರೆ ಬಟ್ಟಲಿಗೆ ಆರಿಸಿ ಹಾಕಬೇಕು. ಮುಷ್ಟಿಯಲ್ಲಿ ಬಾಚಿದರೆ ಅಜ್ಜಿ ಕೈ ಬಿಡಿಸಿ, ಹೆಬ್ಬೆರಳು ತೋರುಬೆರಳು ಸೇರಿಸಿ ಒಂದೊಂದೇ ಕಾಳು ಎತ್ತಿಸೋಳು. ಹೆಸರುಕಾಳು ಸಿಗದೆ ಜಾರುತ್ತಿತ್ತು. ಒಬ್ಬ ಹುಡುಗನಂತೂ ಸಿಟ್ಟಿಗೆದ್ದು ನಾಲಿಗೆಯಿಂದಲೇ ಎತ್ತುತ್ತಿದ್ದ! ‘ಇವತ್ತು ಏನ್ ಬರಿಸಿದ್ರಿ ಅಕ್ಕೋರೆ?’ ಅಂತ ತಾಯಂದಿರು ಕೇಳಿದರೆ, ‘ಬರಿಸಿಲ್ಲವ್ವ. ಬೆರಳು ಗಟ್ಟಿ ಆಗ್ಲಿ ಮೊದ್ಲು, ಬಳಪ ಎಲ್ಲೂ ಓಡಿ ಹೋಗಂಗಿಲ್ಲ’ ಅನ್ನೋಳು. ಕಾಳು ಎತ್ತುವ ಆ ಎರಡು ಬೆರಳೇ ನಾಳೆ ಪೆನ್ಸಿಲ್ ಹಿಡಿಯೋದು. ಊರವರಿಗೆ ಅದು ಸುಮ್ನೆ ಹೊತ್ತು ಕಳೆಯುವ ಆಟ. ನಮ್ಮ ಮನೆಯಲ್ಲೂ ‘ಉಪ್ಪಿಟ್ಟಿನ ಸಾಲಿ’ ಅಂತಲೇ ಅಲ್ವಾ ಕರೆಯುತ್ತಿದ್ದದ್ದು?

ಇನ್ನು ರಿಜಿಸ್ಟರ್ ವಿಷಯ. ದೇಶದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ಕ್ಕೆ ಬರೀ 33 ಕಡೆ ಶುರುವಾಯಿತು. ನಮ್ಮ ಕಡೆಗೆ ಬಂದದ್ದು ಆಮೇಲೆ. ಅಜ್ಜಿ ಸೇರಿದಾಗ ನಾವಿನ್ನೂ ರಾಯಚೂರು ಜಿಲ್ಲೆ. 1997ರ ರಿಜಿಸ್ಟರಿನ ರಟ್ಟಿನ ಮೇಲೆ ‘ರಾಯಚೂರು’ ಹೊಡೆದು ‘ಕೊಪ್ಪಳ’ ಬರೆದಿದ್ದಾಳೆ, ತೆಗೆದು ನೋಡಿ. ಒಳಗೆ ಪ್ರತಿ ಕೂಸಿನ ತಿಂಗಳ ತೂಕ ಇದೆ. ತೊಲೆಗೆ ತಕ್ಕಡಿ ತೂಗುಹಾಕಿ, ಚೀಲದಲ್ಲಿ ಕೂಸನ್ನು ಕೂರಿಸಿದರೆ ಓಣಿಗೆಲ್ಲ ಕೇಳುವಷ್ಟು ಅಳು. ತೂಕ ಏರದ ಕೂಸಿನ ಮನೆಗೆ ಸಂಜೆ ಅಜ್ಜಿ ಹಾಜರ್. ಗುಳೆ ಹೋಗುವ ಮನೆಗಳ ಮಕ್ಕಳ ಹೆಸರನ್ನು ಮಾತ್ರ ಅವಳು ಎಂದೂ ಕಾಟು ಹೊಡೆಯಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಗುಳೆ’ ಅಂತ ಬರೆಯೋಳು. ಮಂಗಳೂರೋ ಗೋವಾವೋ, ಅಲ್ಲಿಂದ ವಾಪಸ್ ಬಂದ ದಿನ ಅಳಿಸೋಳು. ಕೆಲವು ಹೆಸರಿನ ಪಕ್ಕ ರಬ್ಬರ್ ತಿಕ್ಕಿ ತಿಕ್ಕಿ ಹಾಳೆ ತೆಳ್ಳಗಾಗಿದೆ. ಕೆಲವು ಕಡೆ ಪೆನ್ಸಿಲ್ ಹಾಗೇ ಉಳಿದಿದೆ. ಇದನ್ನು ಕೆಜಿ ಲೆಕ್ಕದಲ್ಲಿ ತೂಗಿ ಮಾರೋದಾ ಅಪ್ಪ?

ಅವಳು ಕೆಲಸ ಬಿಟ್ಟಾಗ ಸಿಕ್ಕಿದ್ದು ಶಾಲು, ತೆಂಗಿನಕಾಯಿ. ಅಂಗನವಾಡಿಯವರಿಗೂ ಗ್ರಾಚುಟಿ, ಅಂದರೆ ಕೆಲಸ ಬಿಡುವಾಗಿನ ಇಡುಗಂಟು, ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಅಷ್ಟೊತ್ತಿಗೆ ಅಜ್ಜಿ ಇರಲಿಲ್ಲ.

ಚಿನ್ನುವಿನ ಮಾತಿಗೆ ಬರುತ್ತೇನೆ. ಮೂರೂವರೆ ವರ್ಷದ ಹುಡುಗ ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿ, ಸಂಜೆ ಕೂತು ಎ ಬಿ ಸಿ ಡಿ ಹೋಂವರ್ಕ್ ಬರೆಯೋದು ನನಗೆ ಸರಿ ಕಾಣಲ್ಲ. ಇಲ್ಲಿ ಮಕ್ಕಳು ಶಾಲೆಗೆ ಹೋಗೋದೇ ಆರರ ಸುಮಾರಿಗೆ. ಅಲ್ಲಿಯವರೆಗೆ ಕೆಸರು, ಮರಳು, ಮರದ ತುಂಡು, ಹಾಡು, ಅಷ್ಟೇ. ನನ್ನ ಜೊತೆ ಕೆಲಸ ಮಾಡುವವಳ ಮಗನಿಗೆ ಐದು ದಾಟಿದೆ, ಇನ್ನೂ ಅಕ್ಷರ ಕಲಿಸಿಲ್ಲ. ಯಾರಿಗೂ ಗಾಬರಿಯಿಲ್ಲ. ವೈನಿ ಹೇಳೋದೂ ಸುಳ್ಳಲ್ಲ. ಈಗಿನ ಅಕ್ಕೋರಿಗೆ ಸರ್ವೆ, ಮೊಬೈಲಿನಲ್ಲಿ ಮಾಹಿತಿ ತುಂಬೋದು ಅಂತ ಕೆಲಸ ಜಾಸ್ತಿ, ಮಕ್ಕಳ ಜೊತೆ ಕೂರೋಕೆ ಪುರಸೊತ್ತು ಎಲ್ಲಿ? ಆದರೆ ಊರಿನ ಅನುಕೂಲಸ್ಥರೆಲ್ಲ ಮಕ್ಕಳನ್ನು ಬಿಡಿಸಿಕೊಂಡು ಹೋದರೆ ಅಂಗನವಾಡಿಯನ್ನು ಕೇಳೋರು ಯಾರು? ಅಪ್ಪ, ನಿನಗೂ ಈಗ ಬೇಕಾದಷ್ಟು ಬಿಡುವಿದೆ. ವಾರಕ್ಕೆರಡು ದಿನ ಹೋಗಿ ಒಂದು ಕತೆ ಹೇಳು.

ಮರದ ತುಂಡುಗಳ ಒಂದು ಪೆಟ್ಟಿಗೆ ಪಾರ್ಸೆಲ್ ಮಾಡಿದ್ದೇನೆ. ಚಿನ್ನುವಿಗಲ್ಲ, ಅಂಗನವಾಡಿಗೆ. ಅವನಿಗೆ ಬೇಕಾದರೆ ಅಲ್ಲಿಗೇ ಹೋಗಿ ಆಡಲಿ.

ಟ್ರಂಕಿನ ಕೀಲಿ ಅವ್ವನ ಹತ್ತಿರವೇ ಇರಲಿ, ಅಣ್ಣನ ಕೈಗೆ ಕೊಡಬೇಡಿ.

ನಿಮ್ಮ ಮಗಳು