ಸ್ವಿಚ್ ಒತ್ತಿ ನೋಡು, ಅಕ್ಕ

ಆಸ್ಟಿನ್, ಟೆಕ್ಸಸ್

ಪ್ರೀತಿಯ ಅಕ್ಕ,

ನಾನಿಲ್ಲಿ ಚೆನ್ನಾಗಿದ್ದೇನೆ. ಫೋನಿನಲ್ಲಿ ಆ ಅನಿಮೇಷನ್ ಸಿನಿಮಾ ವಿಷಯ ಶುರು ಮಾಡಿದ್ದೆ, ಅಷ್ಟರಲ್ಲಿ ನಿನಗೆ ಆಫೀಸಿಗೆ ಹೊತ್ತಾಯ್ತು. ಅದಕ್ಕೇ ಈಗ ಬಿಡಿಸಿ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು, ಅವರನ್ನು ಕೇಳುವುದು ಒಂದಿದೆ.

ಸಿನಿಮಾ ಹೆಸರು ‘ವೇಕಿಂಗ್ ಲೈಫ್’, 2001ರದ್ದು. ನಿರ್ದೇಶಕ ರಿಚರ್ಡ್ ಲಿಂಕ್‌ಲೇಟರ್ ಇದೇ ಆಸ್ಟಿನ್‌ನಲ್ಲಿ ನೆಲೆ ನಿಂತು ಸಿನಿಮಾ ಮಾಡುವವರು. ಇದರ ಬಹುಪಾಲು ಚಿತ್ರೀಕರಣವೂ ಇಲ್ಲೇ. ಕಥೆ ಅಂತ ಜಾಸ್ತಿ ಇಲ್ಲ. ಒಬ್ಬ ಹುಡುಗ, ಅವನಿಗೆ ಹೆಸರೂ ಇಟ್ಟಿಲ್ಲ, ನಿದ್ದೆಯಿಂದ ಏಳುತ್ತಾನೆ, ಎದ್ದೆ ಅಂದುಕೊಂಡಿದ್ದೂ ಕನಸೇ ಆಗಿರುತ್ತದೆ, ಮತ್ತೆ ಏಳುತ್ತಾನೆ, ಅದೂ ಕನಸು. ನಡುವೆ ಸಿಕ್ಕಸಿಕ್ಕವರೆಲ್ಲ ಅವನ ಜೊತೆ ಮಾತಿಗೆ ಇಳಿಯುತ್ತಾರೆ. ಮನುಷ್ಯನಿಗೆ ನಿಜಕ್ಕೂ ಸ್ವಾತಂತ್ರ್ಯ ಇದೆಯಾ, ಮಾತು ಹೇಗೆ ಹುಟ್ಟಿತು, ಸತ್ತ ಮೇಲೆ ಏನು, ಇಂಥವೇ. ಅವನು ಹೆಚ್ಚಿನ ಹೊತ್ತು ಸುಮ್ನೆ ಕೇಳುತ್ತಾನೆ.

ನನ್ನನ್ನು ಹಿಡಿದಿದ್ದು ಮಾತಿಗಿಂತ ಮೊದಲು ಆ ಚಿತ್ರ. ಮೊದಲು ನಿಜವಾದ ಜನರನ್ನು ಸಾಧಾರಣ ಡಿಜಿಟಲ್ ವಿಡಿಯೊ ಕ್ಯಾಮೆರಾದಲ್ಲಿ ತೆಗೆದಿದ್ದಾರೆ. ಆಮೇಲೆ ಮೂವತ್ತಕ್ಕೂ ಹೆಚ್ಚು ಕಲಾವಿದರು ಕಂಪ್ಯೂಟರಿನಲ್ಲಿ ಅದರ ಮೇಲೆ ಗೆರೆ ಎಳೆದು ಬಣ್ಣ ತುಂಬಿದ್ದಾರೆ. ಹಳೆಯ ವಿದ್ಯೆಯೇ ಇದು, ರೋಟೋಸ್ಕೋಪ್ ಅಂತ, ಮ್ಯಾಕ್ಸ್ ಫ್ಲೈಶರ್ 1917ರಲ್ಲೇ ಪೇಟೆಂಟ್ ಪಡೆದಿದ್ದರು. ಇಲ್ಲಿ ಹೊಸದು ಬಾಬ್ ಸ್ಯಾಬಿಸ್ಟನ್ ಬರೆದ ಸಾಫ್ಟ್‌ವೇರ್. ಕಲಾವಿದ ಒಂದು ಫ್ರೇಮಿನಲ್ಲಿ ಗೆರೆ ಎಳೆದು, ಮುಂದೆ ಇನ್ನೊಂದು ಫ್ರೇಮಿನಲ್ಲಿ ಅದೇ ಗೆರೆಯನ್ನು ಮತ್ತೆ ಎಳೆದರೆ, ನಡುವಿನ ಫ್ರೇಮುಗಳ ಗೆರೆಯನ್ನು ಅದೇ ತುಂಬಿಕೊಳ್ಳುತ್ತದೆ. ಹಾಗಿದ್ದೂ ಒಂದು ನಿಮಿಷದ ಸಿನಿಮಾಗೆ ಸುಮಾರು 250 ಗಂಟೆ ಕೆಲಸ ಹಿಡಿದಿದೆ! ಪಾತ್ರಗಳನ್ನು ಬೇರೆ ಬೇರೆ ಕಲಾವಿದರಿಗೆ ಹಂಚಿದ್ದರಿಂದ ಒಬ್ಬೊಬ್ಬರ ಮುಖಕ್ಕೂ ಒಂದೊಂದು ಕೈ.

ಕನಸು ಅಂದರೆ ಮಂಜು ಮುಸುಕಿದ ಹಾಗೆ ತೋರಿಸುವ ಸಿನಿಮಾಗಳು ಬೇಕಾದಷ್ಟಿವೆ. ಇದು ಹಾಗಲ್ಲ. ದನಿ ನಿಜದ್ದು, ಕೈ ಆಡಿಸುವ ರೀತಿ ನಿಜದ್ದು, ಆದರೆ ಗೋಡೆ ಒಂದು ಕಡೆ ತೇಲುತ್ತಿರುತ್ತದೆ, ಮೇಜು ಇನ್ನೊಂದು ಕಡೆ, ಮಾತಾಡುವವನ ಮೂಗು ತನ್ನ ಜಾಗ ಬಿಟ್ಟು ಸ್ವಲ್ಪ ಜರುಗಿ ಮತ್ತೆ ಬಂದು ಕೂರುತ್ತದೆ. ಮೊದಲ ಹತ್ತು ನಿಮಿಷ ಕಣ್ಣಿಗೆ ಕಿರಿಕಿರಿ. ಆಮೇಲೆ ಅದು ಗಮನಕ್ಕೇ ಬರುವುದಿಲ್ಲ. ಕನಸೂ ಹೀಗೇ ಅಲ್ವಾ? ಏನೋ ಅಲುಗಾಡುತ್ತಾ ಇರುತ್ತದೆ, ನಾವು ಮಾತ್ರ ಎಲ್ಲ ಸರಿಯಾಗಿದೆ ಅಂತ ಒಪ್ಪಿಕೊಂಡು ಹೋಗುತ್ತಿರುತ್ತೇವೆ. ತತ್ವಶಾಸ್ತ್ರವನ್ನು ಬಾಯಲ್ಲಿ ಹೇಳಿದ್ದಕ್ಕಿಂತ ಈ ಗೆರೆಯಲ್ಲಿ ಹೇಳಿದ್ದೇ ಹೆಚ್ಚು ಅಂತ ನನಗೆ ಅನಿಸುತ್ತದೆ.

ಹಾಗಾದರೆ ಕನಸಿನಲ್ಲಿದ್ದೇವೆ ಅಂತ ಗೊತ್ತಾಗುವುದು ಹೇಗೆ? ಅದಕ್ಕೂ ಒಂದು ದೃಶ್ಯ ಇದೆ. ಒಬ್ಬಾತ ಆ ಹುಡುಗನಿಗೆ ಹೇಳುತ್ತಾನೆ, ಕನಸಿನಲ್ಲಿ ಡಿಜಿಟಲ್ ಗಡಿಯಾರ ಓದೋಕೆ ಆಗುವುದಿಲ್ಲ, ಕೋಣೆಯ ಬೆಳಕು ಜಾಸ್ತಿ ಕಡಿಮೆ ಮಾಡೋಕೂ ಆಗುವುದಿಲ್ಲ, ಅನುಮಾನ ಬಂದರೆ ಸ್ವಿಚ್ ಒತ್ತಿ ನೋಡು ಅಂತ. ಹುಡುಗ ಹೊರಡುವಾಗ ಹಾಗೇ ಸ್ವಿಚ್ ಒತ್ತುತ್ತಾನೆ. ಬೆಳಕು ಇದ್ದ ಹಾಗೇ ಇರುತ್ತದೆ. ಅಕ್ಕ, ನನ್ನ ಎದೆ ಧಸಕ್ ಅಂತು. ಇದು ಸಿನಿಮಾದವರು ಕಟ್ಟಿದ್ದಲ್ಲ. ಕೀತ್ ಹರ್ನ್ ಅನ್ನುವ ಇಂಗ್ಲೆಂಡಿನ ಮನೋವಿಜ್ಞಾನಿ 1981ರಲ್ಲೇ ಇದರ ಬಗ್ಗೆ ಬರೆದಿದ್ದರು. ಅದಕ್ಕೂ ಮೊದಲು, 1975ರಲ್ಲಿ, ಕನಸು ಕಾಣುತ್ತಿರುವವನೇ ‘ನನಗೆ ಇದು ಕನಸು ಅಂತ ಗೊತ್ತು’ ಅಂತ ಕಣ್ಣಿನ ಸನ್ನೆಯಲ್ಲಿ ಹೊರಗಿನವರಿಗೆ ತಿಳಿಸಿದ್ದನ್ನು ಅವರು ದಾಖಲು ಮಾಡಿದ್ದರು. ಆ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸೋತಿರುತ್ತವೆ, ಕಣ್ಣು ಮಾತ್ರ ಆಡುತ್ತದೆ. ಎಡ ಬಲ, ಎಡ ಬಲ ಅಂತ ಕಣ್ಣಾಡಿಸಿದರೆ ಯಂತ್ರದಲ್ಲಿ ಗೆರೆ ಮೂಡುತ್ತದೆ. ಎಷ್ಟು ಚೆಂದದ ಉಪಾಯ!

ಒಂದು ಮಾತನ್ನು ನಾನು ಒಪ್ಪುವುದಿಲ್ಲ. ನಟ ಈಥನ್ ಹಾಕ್ ಮತ್ತು ನಟಿ ಜೂಲಿ ಡೆಲ್ಪಿ ಹಾಸಿಗೆಯಲ್ಲಿ ಮಲಗಿಕೊಂಡು ಮಾತಾಡುವ ದೃಶ್ಯ. ಸತ್ತ ಮೇಲೂ ಮೆದುಳು ಕೆಲವು ನಿಮಿಷ ಕೆಲಸ ಮಾಡುತ್ತದೆ, ಕನಸಿನ ಕಾಲ ಹಿಗ್ಗುತ್ತದೆ, ಹಾಗಾಗಿ ಆ ನಿಮಿಷಗಳಲ್ಲಿ ಒಂದು ಇಡೀ ಜೀವಮಾನ ಇರಬಹುದು ಅಂತ. ಕೇಳೋಕೆ ಮೈ ಜುಮ್ ಅನ್ನುತ್ತದೆ. ಆದರೆ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಇದೇ ಕಣ್ಸನ್ನೆ ಇಟ್ಟುಕೊಂಡು ಕನಸಿನಲ್ಲೇ ಹತ್ತು ಸೆಕೆಂಡ್ ಎಣಿಸುವ ಪ್ರಯೋಗ ಮಾಡಿದಾಗ, ಎಚ್ಚರದಲ್ಲಿ ಎಣಿಸಿದಷ್ಟೇ ಹೊತ್ತು ಹೆಚ್ಚುಕಡಿಮೆ ಹಿಡಿದಿತ್ತು. ಕೆಲವರು ಈ ದೃಶ್ಯ ಹಿಡಿದುಕೊಂಡು ಹುಡುಗ ಸತ್ತೇಹೋಗಿದ್ದಾನೆ ಅನ್ನುತ್ತಾರೆ. ನಡುವೆ ಅವನಿಗೆ ಕಾರು ಗುದ್ದುವುದೂ ನಿಜ. ಆದರೂ ಸಿನಿಮಾವನ್ನು ಒಗಟು ಬಿಡಿಸಿದ ಹಾಗೆ ಬಿಡಿಸಿ ಪಕ್ಕಕ್ಕಿಟ್ಟರೆ ಅಷ್ಟು ಜನ ಆಡಿದ ಮಾತಿಗೆ ಏನು ಬೆಲೆ?

ಆ ಮಾತಿನಲ್ಲಿ ನನಗೆ ತುಂಬ ಇಷ್ಟವಾಗಿದ್ದು ರಾಬರ್ಟ್ ಸಾಲಮನ್ ಅವರದ್ದು. ಇಲ್ಲಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು, 2007ರಲ್ಲಿ ತೀರಿಕೊಂಡರು. ಸಿನಿಮಾದಲ್ಲಿ ಬರುವುದು ಅವರೇ, ನಟರಲ್ಲ. ಅಸ್ತಿತ್ವವಾದ, ಅಂದರೆ ಮನುಷ್ಯ ತನ್ನ ಆಯ್ಕೆಗಳಿಂದಲೇ ತನ್ನನ್ನು ರೂಪಿಸಿಕೊಳ್ಳುತ್ತಾನೆ ಅನ್ನುವ ತತ್ವ, ಬರೀ ಹತಾಶೆ ಅಂತ ಎಲ್ಲರೂ ತಿಳಿದಿದ್ದಾರೆ, ಅದು ತಪ್ಪು ಅನ್ನುತ್ತಾರೆ. ಸಮಾಜ ಹೀಗೆ ಮಾಡಿತು, ಪರಿಸ್ಥಿತಿ ಹೀಗೆ ಮಾಡಿತು ಅಂತ ನೆಪ ಹೇಳೋದು ಸುಲಭ. ಆ ತತ್ವದ ಫ್ರೆಂಚ್ ಚಿಂತಕ ಸಾರ್ತ್ರ್ ಹೇಳುವ ಜವಾಬ್ದಾರಿ ಗಾಳಿಯಲ್ಲಿರುವುದಲ್ಲ, ನಾನು ನೀನು ದಿನಾ ಏನು ಮಾಡುತ್ತೇವೆ ಅನ್ನೋದರಲ್ಲಿ ಇದೆ ಅಂತ. ಕನಸೋ ನಿಜವೋ ಅಂತ ಒದ್ದಾಡುವ ಸಿನಿಮಾದಲ್ಲಿ ಈ ಮಾತು ಬಂದಿದ್ದಕ್ಕೇ ಅದಕ್ಕೆ ತೂಕ.

ಈಗ ಅಪ್ಪನನ್ನು ಕೇಳುವುದು. ಕೊನೆಯ ಹತ್ತಿರ ಲಿಂಕ್‌ಲೇಟರ್ ತಾವೇ ಪಿನ್‌ಬಾಲ್ ಆಡುತ್ತಾ ಹೇಳುತ್ತಾರೆ, ಇರುವುದು ಒಂದೇ ಕ್ಷಣ, ಅದು ಈಗಿನದು, ಅನಂತದಲ್ಲಿ ಸೇರಿಕೊಳ್ಳುತ್ತೀಯಾ ಅಂತ ದೇವರು ಕೇಳುತ್ತಲೇ ಇದ್ದಾನೆ, ಈಗಲೇ ಬೇಡ ಅಂತ ನಾವು ಮುಂದೂಡುವುದನ್ನೇ ಕಾಲ ಅನ್ನುತ್ತೇವೆ ಅಂತ. ಅಪ್ಪ ಮಾಂಡೂಕ್ಯ ಉಪನಿಷತ್ತು ಓದುವಾಗ, ಅದಕ್ಕೆ ಕಾರಿಕೆ ಬರೆದ ಅದ್ವೈತಿ ಗೌಡಪಾದರು ಎಚ್ಚರವನ್ನೂ ಕನಸನ್ನೂ ಒಂದೇ ಸಾಲಿಗೆ ನಿಲ್ಲಿಸುತ್ತಾರೆ ಅಂತ ಹೇಳುತ್ತಿದ್ದರಲ್ಲ, ಅದಕ್ಕೂ ಇದಕ್ಕೂ ಎಲ್ಲಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ? ನನಗೆ ಕಾಣುವ ಹಾಗೆ ಗೌಡಪಾದರಲ್ಲಿ ಎಲ್ಲವೂ ಒಂದೇ, ದೇವರಿಗೆ ಬೇಡ ಅನ್ನುವುದಕ್ಕೆ ಎರಡನೆಯವನೇ ಇಲ್ಲ. ಅವರು ಏನಂತಾರೆ ಅಂತ ಬರೆಸಿ ಕಳಿಸು.

ನೋಡುವಾಗ ಸಬ್‌ಟೈಟಲ್ ಹಾಕಿಕೊಂಡು ನೋಡಿ, ಮಾತು ತುಂಬ ವೇಗ. ಅಮ್ಮನಿಗೆ ಕಣ್ಣು ನೋವು ಬಂದರೆ ಸುಮ್ನೆ ಸಂಗೀತ ಕೇಳಲಿ, ಟ್ಯಾಂಗೊ ಅದು, ನುಡಿಸುವವರೇ ಸಿನಿಮಾದಲ್ಲಿ ಬರುತ್ತಾರೆ.

ನಿನ್ನ ತಮ್ಮ